ಶುಂಠಿಯ ಸೊರಗು ರೋಗ: ಬೆಳಕಿನಿಂದ ರೋಗಾಣುವನ್ನು ಗುರುತಿಸುವ ಬಗೆ



ಮಳೆಗಾಲದಲ್ಲಿ ಗದ್ದೆಯ ಶುಂಠಿ ಹಳದಿಯಾಗಿ ಬಾಡಿತೆಂದರೆ ನಾವು ‘ಕೊಳೆ ಬಂತು’ ಎಂದು ಅಂಗಡಿಯಿಂದ ಔಷಧ ತಂದು ಬುಡಕ್ಕೆ ಸುರಿಯುತ್ತೇವೆ. ಆದರೆ ಬಾಡುವುದಕ್ಕೆ ಕಾರಣ ಒಂದೇ ಅಲ್ಲ. ಗೆಡ್ಡೆ ಕೊಳೆ ತರುವುದು ಪಿಥಿಯಂ ಎಂಬ ಬೂಜಿನಂಥ ಜೀವಿ. ಸೊರಗು ರೋಗ ತರುವುದು ರಾಲ್‌ಸ್ಟೋನಿಯ ಎಂಬ ಬ್ಯಾಕ್ಟೀರಿಯ. ಕೊಳೆಗೆ ಹಾಕುವ ಮೆಟಲಾಕ್ಸಿಲ್ ಔಷಧ ಬ್ಯಾಕ್ಟೀರಿಯವನ್ನು ಮುಟ್ಟುವುದೇ ಇಲ್ಲ. ರೋಗ ಯಾವುದೆಂದು ತಿಳಿಯದೆ ಔಷಧ ಕೊಳ್ಳುವುದು ನನಗೆ ಸರಿಯೆನಿಸದು.

ಗುರುತಿಸುವುದು ಸುಲಭ. ಆಗತಾನೆ ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಹರಿತವಾದ ಚೂರಿಯಿಂದ ಕತ್ತರಿಸಿ, ಕೊಯ್ದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗದಂತೆ ಇಳಿಬಿಡಿರಿ. ಲೋಟವನ್ನು ಬೆಳಕಿಗೆ ಹಿಡಿದು ನೋಡಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ಸೊರಗು ರೋಗ. ಒಂದು ಬ್ಯಾಕ್ಟೀರಿಯದ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ, ಬರಿಗಣ್ಣಿಗೆ ಕಾಣದು. ಅಸಂಖ್ಯಾತವಾಗಿ ಒಟ್ಟಿಗೆ ಹೊರಬಂದಾಗ ಅವು ಬೆಳಕನ್ನು ಚದರಿಸುವುದರಿಂದ ಬೆಳ್ಳಗೆ ಕಾಣುತ್ತವೆ.

ಕಷ್ಟವಿರುವುದು ಬಿತ್ತನೆ ಗೆಡ್ಡೆಯಲ್ಲಿ. ನೋಡಲು ಚೆನ್ನಾಗಿರುವ ಗೆಡ್ಡೆಯೊಳಗೂ ರೋಗಾಣು ಅಡಗಿರಬಹುದು; ಅಲ್ಲಿ ಎಳೆ ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ, ಹಾಲಿಗೆ ಹೆಪ್ಪು ಹಾಕಿದಂತೆ ಬ್ಯಾಕ್ಟೀರಿಯವನ್ನು ಬೆಳೆಸಿ ಗುರುತಿಸಲು ದಿನಗಳೇ ಬೇಕು. ಇದನ್ನು ಬೇಗ ಮಾಡಲು ವಿಜ್ಞಾನಿಗಳು ಹಿಡಿದಿರುವ ಒಂದು ದಾರಿ ಸರ್ ಸಿ. ವಿ. ರಾಮನ್ ಅವರದು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಅವರು ಕಂಡುಕೊಂಡ ಸಂಗತಿಯನ್ನು ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ ಚದರಿದ ಬೆಳಕೆಲ್ಲ ಬಹುಮಟ್ಟಿಗೆ ಅದೇ ಬಣ್ಣದ್ದು. ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ ಬಣ್ಣ ಬದಲಿಸಿ ಬರುತ್ತದೆ. ಎಷ್ಟು ಬದಲಾಯಿತೆಂಬುದು ವಸ್ತುವಿನ ಅಣುಗಳ ಕಂಪನವನ್ನು ಹೇಳುತ್ತದೆ. ದಟ್ಟ ಮಂಜಿನಲ್ಲಿ ದನ ಕಾಣದಿದ್ದರೂ ಕೊರಳ ಗಂಟೆಯ ದನಿಯಿಂದ ಯಾರ ಮನೆಯದೆಂದು ತಿಳಿಯುವುದಿಲ್ಲವೆ? ಹಾಗೆಯೇ ಇದು.

ಒಂದೊಂದು ಜಾತಿಯ ಬ್ಯಾಕ್ಟೀರಿಯದಲ್ಲಿ ಸಸಾರಜನಕ, ಕೊಬ್ಬು ಮುಂತಾದವುಗಳ ಪ್ರಮಾಣ ಬೇರೆ. ಆದ್ದರಿಂದ ಲೇಸರ್ ಬೆಳಕು ಬಿಟ್ಟಾಗ ಬರುವ ಗೆರೆಗಳೂ ಬೇರೆ. ಗೊತ್ತಿರುವ ಗೆರೆಗಳೊಡನೆ ಗಣಕಯಂತ್ರ ಅವನ್ನು ಹೋಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಬಗೆಯ ಸಂಶೋಧನೆ ನಡೆದಿದೆ. ಆದರೆ ಹತ್ತಿರದ ಜಾತಿಗಳ ಗೆರೆಗಳಲ್ಲಿ ವ್ಯತ್ಯಾಸ ತೀರ ಕಡಿಮೆ. ಮಣ್ಣು, ಗಿಡದ ರಸಗಳ ಸ್ವಂತ ಹೊಳಪು ಈ ಕ್ಷೀಣ ಬೆಳಕನ್ನು ಮುಚ್ಚಿಬಿಡುತ್ತದೆ. ಅಂಗಡಿಯಲ್ಲಿ ಕೊಂಡು ಗದ್ದೆಗೆ ಒಯ್ಯುವ ಯಂತ್ರ ಇದಲ್ಲ.

ನಿಮಗೆ ಲೋಟವೇ ಸಾಕು. ಎಳೆ ಇಳಿದರೆ ಆ ಗದ್ದೆಯ ಗೆಡ್ಡೆಯನ್ನು ಬಿತ್ತನೆಗೆ ಇಡಬೇಡಿರಿ, ಅಲ್ಲಿಯ ನೀರನ್ನು ಕೆಳಗಿನ ಗದ್ದೆಗೆ ಬಿಡಬೇಡಿರಿ, ಮುಂದಿನ ಬೆಳೆಯಾಗಿ ಟೊಮೇಟೊ, ಬದನೆ, ಮೆಣಸಿನಕಾಯಿ ಹಾಕಬೇಡಿರಿ. ಸಂಶಯವಿದ್ದರೆ ಬೇರುಸಹಿತ ಗಿಡವನ್ನು ಮಡಿಕೇರಿ ಬಳಿಯ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರದವರಿಗೆ ತೋರಿಸಿರಿ.