ಜೀವಕೋಶ ಕೃಷಿಕೆಯಲ್ಲಿ ಬ್ಯಾಕ್ಟೀರಿಯಾ ಸೋಂಕು: ಪ್ರಯೋಗಾಲಯಗಳು ಅನುಸರಿಸಬೇಕಾದ ಕ್ರಮಗಳು

ಬೆಂಗಳೂರು ದಕ್ಷಿಣದ ಕುಮಾರಸ್ವಾಮಿ ಲೇಔಟ್ ಬಡಾವಣೆಯಲ್ಲಿ ತಾಂತ್ರಿಕ ಹಾಗೂ ಔಷಧ ವಿಜ್ಞಾನ ಕಾಲೇಜುಗಳು ವಸತಿ ಗೃಹಗಳಿಗೆ ಹೊಂದಿಕೊಂಡೇ ಇವೆ. ಇಂತಹ ಪ್ರದೇಶಗಳಲ್ಲಿ ಪ್ರಾಣಿ ಅಥವಾ ಮಾನವ ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯ ಆರಂಭಿಸಲು ಅರ್ಜಿ ಸಲ್ಲಿಸುವವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಸೋಂಕನ್ನು ಗುರುತಿಸುವ ಬಗೆ

ಅನುಕೂಲಕರ ಸ್ಥಿತಿಯಲ್ಲಿ ಬ್ಯಾಕ್ಟೀರಿಯಾ ಸುಮಾರು 20ರಿಂದ 30 ನಿಮಿಷಗಳಿಗೊಮ್ಮೆ ದ್ವಿಗುಣಗೊಳ್ಳಬಲ್ಲದು. ಪ್ರಾಣಿ ಜೀವಕೋಶಕ್ಕೆ ಸಾಮಾನ್ಯವಾಗಿ ಒಂದು ದಿನದಷ್ಟು ಕಾಲ ಬೇಕು. ಆದುದರಿಂದ ಸಂಜೆ ಶುದ್ಧವಾಗಿ ಕಂಡ ಫ್ಲಾಸ್ಕ್ ಬೆಳಿಗ್ಗೆ ಕೆಟ್ಟಿರಬಹುದು. ದ್ರಾವಣ ಮಬ್ಬಾಗುವುದು, ಫೀನಾಲ್ ರೆಡ್ ಇರುವ ದ್ರಾವಣ ಕೆಂಪಿನಿಂದ ಬೇಗನೆ ಹಳದಿಗೆ ತಿರುಗುವುದು, ಸೂಕ್ಷ್ಮದರ್ಶಕದಲ್ಲಿ ಕೋಶಗಳ ನಡುವೆ ಚಲಿಸುವ ಕಣಗಳು ಕಾಣುವುದು ಮುಖ್ಯ ಲಕ್ಷಣಗಳು. 1956ರಲ್ಲಿ ಮೊದಲು ವರದಿಯಾದ ಮೈಕೋಪ್ಲಾಸ್ಮಾ ಸೋಂಕಿನಲ್ಲಿ ಮಬ್ಬು ಕಾಣದು. ಅದಕ್ಕೆ ಪಿಸಿಆರ್ ಅಥವಾ ಡಿಎನ್‌ಎ ವರ್ಣಲೇಪ ಪರೀಕ್ಷೆ ಅಗತ್ಯ.

ಸೋಂಕು ಕಂಡಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಫ್ಲಾಸ್ಕನ್ನು ತೆರೆಯದೆ ಪ್ರತ್ಯೇಕಿಸತಕ್ಕದ್ದು. ಇನ್‌ಕ್ಯುಬೇಟರ್, ವಾಟರ್ ಬಾತ್ ಹಾಗೂ ಕೆಲಸದ ಪೀಠವನ್ನು ಶುಚಿಗೊಳಿಸತಕ್ಕದ್ದು.
2. ಅದೇ ದಿನ ಬಳಸಿದ ದ್ರಾವಣದ ಬಾಟಲಿಗಳನ್ನು ಪರೀಕ್ಷಿಸುವವರೆಗೆ ಉಪಯೋಗಿಸಬಾರದು.
3. ಪ್ರತಿಜೀವಕ ಹಾಕಿ ಉಳಿಸಿಕೊಳ್ಳುವ ಪ್ರಯತ್ನ ಸಾಮಾನ್ಯವಾಗಿ ಸೂಕ್ತವಲ್ಲ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳ ನಿರಂತರ ಬಳಕೆಯಿಂದ ಅಲ್ಪ ಸೋಂಕು ಮರೆಯಾಗಿ ಉಳಿಯುತ್ತದೆ, ನಿರೋಧಕ ಶಕ್ತಿಯುಳ್ಳ ಬ್ಯಾಕ್ಟೀರಿಯಾ ಬೆಳೆಯುತ್ತದೆ.
4. ದ್ರವ ಸಾರಜನಕದಲ್ಲಿ ಕಾಪಿಟ್ಟ ಶುದ್ಧ ದಾಸ್ತಾನಿನಿಂದ ಹೊಸದಾಗಿ ಆರಂಭಿಸತಕ್ಕದ್ದು. ದಾಸ್ತಾನು ಇಲ್ಲದವರು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಕೋಶ ಭಂಡಾರಕ್ಕೆ ಬೇಡಿಕೆ ಸಲ್ಲಿಸಬಹುದು.

ವಿಲೇವಾರಿ

ಸಂಶೋಧನೆಗೆ ಬಳಸಿದ ಜೀವಕೋಶ ಕೃಷಿಕೆ ಹಾಗೂ ಅದರ ತಟ್ಟೆಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಹಳದಿ ವರ್ಗಕ್ಕೆ ಸೇರುತ್ತವೆ. ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ತ್ಯಾಜ್ಯವನ್ನು ಉತ್ಪತ್ತಿಯಾದ ಸ್ಥಳದಲ್ಲೇ ಕ್ರಿಮಿರಹಿತಗೊಳಿಸಿ, ನಂತರ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಒಪ್ಪಿಸತಕ್ಕದ್ದು. ಸಂಸ್ಕರಿಸದ ಜೈವಿಕ ತಂತ್ರಜ್ಞಾನ ತ್ಯಾಜ್ಯವನ್ನು 48 ಗಂಟೆಗಳಿಗಿಂತ ಹೆಚ್ಚು ಕಾಲ ಇರಿಸಬಾರದು. ಗುರುತ್ವ ಮಾದರಿಯ ಆಟೋಕ್ಲೇವ್‌ನಲ್ಲಿ ತ್ಯಾಜ್ಯಕ್ಕೆ 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡದಲ್ಲಿ ಕನಿಷ್ಠ 60 ನಿಮಿಷ ನಿಗದಿಯಾಗಿದೆ. ಬ್ಲೀಚಿಂಗ್ ದ್ರಾವಣ ಬೆರೆಸಿದ ಪಾತ್ರೆಯನ್ನು ಆಟೋಕ್ಲೇವ್‌ಗೆ ಇಡಬಾರದು.

ಅನುಮತಿ ಮತ್ತು ದಾಖಲೆ

ಅನುಮತಿಗಾಗಿ ನಮೂನೆ 2ರಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಸಲ್ಲಿಸತಕ್ಕದ್ದು. ದಾಖಲೆಗಳನ್ನು 5 ವರ್ಷ ಕಾಪಾಡತಕ್ಕದ್ದು. ಸೋಂಕಿನ ದಿನಾಂಕ, ಫ್ಲಾಸ್ಕ್ ಸಂಖ್ಯೆ, ಬಳಸಿದ ಬಾಟಲಿ ಹಾಗೂ ನಾಶಪಡಿಸಿದ ವಿವರಗಳನ್ನು ನಗದು ಪುಸ್ತಕದಂತೆ ಅಂದಂದೇ ನಮೂದಿಸುವುದು ಉತ್ತಮ; ಸೋಂಕು ಮರುಕಳಿಸಿದಾಗ ಅದರ ಮೂಲ ಪತ್ತೆಯಾಗುವುದು ಈ ನಮೂದುಗಳಿಂದಲೇ.

ಸೋಂಕನ್ನು ಮುಚ್ಚಿಟ್ಟಲ್ಲಿ ವಿದ್ಯಾರ್ಥಿಯ ತಿಂಗಳುಗಳ ಶ್ರಮದ ಫಲಿತಾಂಶವೇ ಸುಳ್ಳಾಗಬಹುದು. ತ್ಯಾಜ್ಯವನ್ನು ಸಾಮಾನ್ಯ ಕಸದೊಡನೆ ಬೆರೆಸಿದಲ್ಲಿ ಅದನ್ನು ಬರಿಗೈಯಲ್ಲಿ ಮುಟ್ಟುವವರು ಪೌರಕಾರ್ಮಿಕರು. ಆದುದರಿಂದ ಮೇಲ್ಕಂಡ ಕ್ರಮಗಳನ್ನು ತಪ್ಪದೆ ಪಾಲಿಸಲು ಅರ್ಜಿದಾರರನ್ನು ಕೋರಲಾಗಿದೆ.