ಔಷಧೀಯ ಗಾಂಜಾ ಮತ್ತು ತುರ್ತುಸೇವಾ ನೌಕರರು: ನೆವಾಡಾ ಕಾನೂನಿನ ಪಾಠ

ಅಮೆರಿಕದ ನೆವಾಡಾ ರಾಜ್ಯದಲ್ಲಿ ವೈದ್ಯರ ಸಲಹೆಯ ಮೇರೆಗೆ ಗಾಂಜಾ ಬಳಸಲು 2001ರಿಂದ ಕಾನೂನಿನ ಮಾನ್ಯತೆಯಿದೆ. ತೀವ್ರ ನೋವಿನಿಂದ ಬಳಲುವ ಅಗ್ನಿಶಾಮಕ ನೌಕರರು ಬಿಡುವಿನ ವೇಳೆಯಲ್ಲಿ ಅದನ್ನು ಸೇವಿಸಿದರೆ ಅವರ ಉದ್ಯೋಗಕ್ಕೆ ರಕ್ಷಣೆಯುಂಟೇ? ಅಲ್ಲಿನ ಶಾಸನವು ಈ ಪ್ರಶ್ನೆಗೆ ನೀಡಿರುವ ಉತ್ತರವು ಉದ್ಯಮಿಗಳೂ ಗಮನಿಸತಕ್ಕದ್ದಾಗಿದೆ.

ತೊಡಕಿನ ಮೂಲವಿರುವುದು ಪರೀಕ್ಷೆಯಲ್ಲಿ. ಗಾಂಜಾದ ಅಮಲು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆದರೆ ದೇಹದ ಕೊಬ್ಬಿನಲ್ಲಿ ಉಳಿಯುವ ಅದರ ಅಂಶವು ನಿತ್ಯ ಬಳಸುವವರ ಮೂತ್ರದಲ್ಲಿ ವಾರಗಟ್ಟಲೆ ಗೋಚರಿಸುವುದುಂಟು. ಆದ್ದರಿಂದ ಮೂತ್ರಪರೀಕ್ಷೆಯು ಹಿಂದಿನ ಸೇವನೆಯನ್ನು ತಿಳಿಸುತ್ತದೆಯೇ ಹೊರತು, ಕರ್ತವ್ಯದ ವೇಳೆಯಲ್ಲಿ ಅಮಲಿತ್ತೆಂಬುದನ್ನು ಸಾಬೀತುಪಡಿಸುವುದಿಲ್ಲ.

ಪರೀಕ್ಷೆಯಲ್ಲಿ ಗಾಂಜಾ ಕಂಡುಬಂದಿತೆಂಬ ಕಾರಣಕ್ಕೆ ನೇಮಕಾತಿ ನಿರಾಕರಿಸುವುದನ್ನು ನೆವಾಡಾ 2020ರ ಜನವರಿ 1ರಿಂದ ನಿಷೇಧಿಸಿತು. ಆದರೆ ಅಗ್ನಿಶಾಮಕ ಸಿಬ್ಬಂದಿ, ತುರ್ತು ವೈದ್ಯಕೀಯ ತಂತ್ರಜ್ಞರು ಹಾಗೂ ಕಾನೂನಿನನ್ವಯ ಪರೀಕ್ಷೆಗೊಳಪಡಬೇಕಾದ ವಾಹನ ಚಾಲಕರಿಗೆ ಈ ರಕ್ಷಣೆ ಅನ್ವಯಿಸದು. ಇತರರ ಸುರಕ್ಷತೆಗೆ ಧಕ್ಕೆಯಾಗಬಹುದೆಂದು ಉದ್ಯೋಗದಾತರು ನಿರ್ಧರಿಸುವ ಹುದ್ದೆಗಳಿಗೂ ಇದೇ ವಿನಾಯಿತಿಯಿದೆ. ವಾಷಿಂಗ್ಟನ್ ರಾಜ್ಯದಲ್ಲಿ 2024ರಿಂದ ಜಾರಿಗೆ ಬಂದ ಕಾಯಿದೆಯೂ ತುರ್ತುಸೇವಾ ಹುದ್ದೆಗಳನ್ನು ಹೊರಗಿರಿಸಿದೆ.

ಆದರೆ ವೈದ್ಯಕೀಯ ಕಾರ್ಡ್ ಹೊಂದಿದವರ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಅಂತಹ ನೌಕರರಿಗೆ ಸೂಕ್ತ ಅನುಕೂಲ ಕಲ್ಪಿಸಲು ಉದ್ಯೋಗದಾತರು ಯತ್ನಿಸಬೇಕೆಂದು ನೆವಾಡಾದ ಪ್ರತ್ಯೇಕ ವಿಧಿಯೊಂದು ಹೇಳುತ್ತದೆ. ಜನರಿಗೆ ಅಥವಾ ಆಸ್ತಿಗೆ ಅಪಾಯವಾಗುವಂತಿದ್ದರೆ, ಸಂಸ್ಥೆಗೆ ಮಿತಿಮೀರಿದ ಹೊರೆಯಾಗುವಂತಿದ್ದರೆ ಅಥವಾ ಕರ್ತವ್ಯ ನಿರ್ವಹಣೆ ಅಸಾಧ್ಯವಾದರೆ ಈ ಬಾಧ್ಯತೆಯಿಲ್ಲ. ಕೆಲಸದ ಸ್ಥಳದಲ್ಲಿ ಸೇವನೆಗೆ ಅವಕಾಶ ನೀಡಬೇಕಾಗಿಯೂ ಇಲ್ಲ. ಈ ವಿಧಿಯ ಉಲ್ಲಂಘನೆಗಾಗಿ ನೌಕರರು ದಾವೆ ಹೂಡಬಹುದೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು. ಅದೇ ವರ್ಷ, ಮನರಂಜನೆಗಾಗಿ ಗಾಂಜಾ ಬಳಸಿ ಕೆಲಸ ಕಳೆದುಕೊಂಡ ನೌಕರರೊಬ್ಬರಿಗೆ ಪರಿಹಾರ ನಿರಾಕರಿಸಿತು. ವೈದ್ಯಕೀಯ ಕಾರಣದ ಮಹತ್ವ ಇದರಿಂದ ಸ್ಪಷ್ಟವಾಗುತ್ತದೆ.

ಭಾರತದಲ್ಲಿ ಗಾಂಜಾ 1985ರ ಮಾದಕ ವಸ್ತುಗಳ ಕಾಯಿದೆಗೆ ಒಳಪಟ್ಟಿದ್ದು, ಮೇಲಿನ ನಿಯಮಗಳು ಇಲ್ಲಿನ ಘಟಕಗಳಿಗೆ ಅನ್ವಯಿಸವು. ಅಮೆರಿಕದಲ್ಲಿ ಮಳಿಗೆ, ಗೋದಾಮು ಅಥವಾ ಘಟಕ ತೆರೆಯುವ ಉದ್ಯಮಿಗಳು ಮಾತ್ರ ಆಯಾ ರಾಜ್ಯದ ಕಾನೂನನ್ನು ಮೊದಲೇ ಅರಿಯುವುದು ಅವಶ್ಯ. ಸುರಕ್ಷತೆಗೆ ಸಂಬಂಧಿಸಿದ ಹುದ್ದೆಗಳನ್ನು ಕಾರಣಸಹಿತ ಲಿಖಿತವಾಗಿ ಗುರುತಿಸಬೇಕು. ನೌಕರರು ಕಾರ್ಡ್ ಹಾಜರುಪಡಿಸಿದಾಗ ಬದಲಿ ಕೆಲಸ ಅಥವಾ ಪಾಳಿ ಬದಲಾವಣೆಯ ಸಾಧ್ಯತೆಯನ್ನು ಪರಿಶೀಲಿಸಿ ದಾಖಲಿಸಬೇಕು. ಕೇವಲ ಪರೀಕ್ಷಾ ವರದಿಯನ್ನು ನೆಚ್ಚಿ ತರಾತುರಿಯಲ್ಲಿ ವಜಾಗೊಳಿಸಿದರೆ ನೌಕರರ ಜೀವನೋಪಾಯಕ್ಕೂ ಸಂಸ್ಥೆಯ ಬೊಕ್ಕಸಕ್ಕೂ ನಷ್ಟವಾದೀತು.