ಹಳೆಯ ಡಾಡ್ಜ್ ಮತ್ತು ಮಾಗಡಿಯ ಏರು

ರಾಮನಗರದ ನಮ್ಮ ಬೀದಿಯಲ್ಲಿ ಬೇವಿನ ಮರದ ಕೆಳಗೆ ಒಂದು ದೊಡ್ಡ ಕಾರು ನಿಂತಿರುತ್ತದೆ. ಅದನ್ನು ಕಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: "ಲೀಟರಿಗೆ ಎಷ್ಟು ಕೊಡುತ್ತೆ, ಮೇಷ್ಟ್ರೆ?" ನಾನು "ಏಳು" ಎನ್ನುತ್ತೇನೆ. ಕೇಳಿದವರು ಒಮ್ಮೆ ಕಾರನ್ನೂ ಒಮ್ಮೆ ನನ್ನನ್ನೂ ನೋಡಿ, ಮನೆಯಲ್ಲಿ ಕಾಯಿಲೆಯವರಿರುವವರನ್ನು ಕಂಡಂತೆ ಕನಿಕರದಿಂದ ಮುಂದೆ ಹೋಗುತ್ತಾರೆ. ನಲವತ್ತು ವರ್ಷಗಳಿಗೂ ಮಿಗಿಲಾಗಿ ಈ ಕನಿಕರಕ್ಕೆ ಪಾತ್ರನಾಗಿದ್ದೇನೆ. ಆದರೆ ಇಷ್ಟು ವಯಸ್ಸಿನ ವಾಹನ ಇನ್ನೂ ಹೇಗೆ ಓಡುತ್ತಿದೆ ಎಂದು ಕೇಳಿದವರು ವಿರಳ. ಇಂದು ನಾನು ಹೇಳಹೊರಟಿರುವುದು ಆ ಕೇಳದ ಪ್ರಶ್ನೆಗೆ ಉತ್ತರ.

ಕಾರು 1951ರ ಡಾಡ್ಜ್ ಕಿಂಗ್ಸ್‌ವೇ. ಕುಲ ಅಮೆರಿಕದ್ದು, ಜೋಡಣೆಯಾದದ್ದು ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ. ಇದರ ಜಾತಕದಲ್ಲಿ ನಮ್ಮ ನಾಡಿಗೂ ಒಂದು ಮನೆ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಅಮೆರಿಕ, ಯುರೋಪುಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದಕ್ಕೆ ಹೆಗಲು ಕೊಟ್ಟರು. ಮೈಸೂರು ಸಂಸ್ಥಾನವೂ ಒಲವು ತೋರಿತು. ಆದರೆ ಅಂದಿನ ಬ್ರಿಟಿಷ್ ಸರ್ಕಾರದ ಸಮ್ಮತಿ ದೊರೆಯಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ವಿಮಾನದ ಕಾರ್ಖಾನೆಯನ್ನು. ಕಾರಿನ ಕಾರ್ಖಾನೆ 1944ರಲ್ಲಿ ಮುಂಬಯಿಯ ಪಾಲಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳು ಅಲ್ಲಿ ಜೋಡಣೆಗೊಂಡು ಹೊರಬಂದವು. ಕಾಲ ಬೇರೆಯಾಗಿದ್ದರೆ ನಮ್ಮ ಡಾಡ್ಜ್ ಇದೇ ಮೈಸೂರು ರಸ್ತೆಯ ಕೂಸಾಗಿರುತ್ತಿತ್ತೋ ಏನೋ ಎಂದು ಅದರ ಬಾಗಿಲು ತೆರೆಯುವಾಗ ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಅದನ್ನು ಕೊಂಡದ್ದು 1979ರಲ್ಲಿ. ಶೋಕಿಗಾಗಿ ಕೊಂಡೆನೆಂದು ಊರು ತಿಳಿಯಿತು. ನಿಜಸ್ಥಿತಿ ಅದಕ್ಕೆ ವಿರುದ್ಧವಾಗಿತ್ತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಪಾಳಿ ಕಾಯಬೇಕಾಗಿದ್ದ ಕಾಲ ಅದು. 1973ರ ಅನಂತರ ಪೆಟ್ರೋಲಿನ ಬೆಲೆ ಏರಿದ ಮೇಲೆ ದೊಡ್ಡ ಅಮೆರಿಕನ್ ಕಾರುಗಳನ್ನು ಕೇಳುವವರಿರಲಿಲ್ಲ. ಶ್ರೀಮಂತರ ಶೆಡ್ಡುಗಳಲ್ಲಿ ಅವುಗಳ ಮೇಲೆ ಕೋಳಿಗಳು ಕೂರುತ್ತಿದ್ದವು. ನಮ್ಮ ಮನೆಯಲ್ಲಿ ಒಂಬತ್ತು ಜನ. ಹೊಸ ಸ್ಕೂಟರಿನ ಬೆಲೆಗೆ ಒಂಬತ್ತು ಜನ ಕೂರುವ ವಾಹನ ಸಿಕ್ಕುವುದಾದರೆ ಕಾಲೇಜು ಮೇಷ್ಟರಾದ ನನ್ನಂಥವನ ಲೆಕ್ಕಾಚಾರ ತಪ್ಪುವುದು ಸಹಜ. ಆನೆಯನ್ನು ಕೊಳ್ಳುವ ಖರ್ಚು ಒಂದು, ಅದಕ್ಕೆ ದಿನವೂ ಕಬ್ಬು ಒದಗಿಸುವ ಖರ್ಚು ಇನ್ನೊಂದು ಎಂಬುದು ಮೊದಲ ತಿಂಗಳಿನಲ್ಲೇ ಮನವರಿಕೆಯಾಯಿತು.

ಈ ಆನೆಯ ಮೈಕಟ್ಟನ್ನು ಸ್ವಲ್ಪ ವಿವರಿಸಬೇಕು. ಅಂಬಾಸಿಡರ್ ಕಾರಿನ ಎಂಜಿನ್ನು ಒಂದೂವರೆ ಲೀಟರಿನದಾದರೆ ಇದರದು ಮೂರೂವರೆ ಲೀಟರಿಗೂ ಮೇಲೆ. ಆರು ಸಿಲಿಂಡರು, ಒಂದೇ ಸಾಲು. ವಾಲ್ವುಗಳು ತಲೆಯ ಮೇಲಿರದೆ ಸಿಲಿಂಡರುಗಳ ಪಕ್ಕದಲ್ಲಿರುವುದರಿಂದ ಎಂಜಿನ್ನಿನ ತಲೆ ಚಪ್ಪಟೆ. ನಿಧಾನವಾಗಿ, ಸದ್ದಿಲ್ಲದೆ, ಎಳೆತಕ್ಕೆ ಹಿಂಜರಿಯದೆ ದುಡಿಯುವ ಸ್ವಭಾವ. ಗೇರಿನ ಹಿಡಿ ಸ್ಟೀರಿಂಗಿನ ಕಂಬಕ್ಕೇ ಅಂಟಿಕೊಂಡಿದೆ. ಮುಂದಕ್ಕೆ ಮೂರೇ ಗೇರು. ಬ್ಯಾಟರಿ ಆರು ವೋಲ್ಟಿನದು. ಅರ್ಧ ವೋಲ್ಟಿನಲ್ಲಿ ಅದೇ ಕೆಲಸವಾಗಬೇಕಾದರೆ ಎರಡರಷ್ಟು ವಿದ್ಯುತ್ತು ಹರಿಯಬೇಕು. ಆದ್ದರಿಂದ ತಂತಿಗಳು ದಪ್ಪವಾಗಿರಬೇಕು. ಇದನ್ನರಿಯದೆ ಅಂಗಡಿಯವರು ಕೊಟ್ಟ ಸಪೂರ ತಂತಿ ಹಾಕಿಸಿದರೆ, ಬೆಳಗಿನ ಚಳಿಯಲ್ಲಿ ಸ್ಟಾರ್ಟರು ಮುದುಕರ ಹಾಗೆ ನರಳಿ ಸುಮ್ಮನಾಗುತ್ತದೆ. ಸಾಮಾನ್ಯವಾಗಿ ಕಾರಿನ ಮೈಗೆ ಜೋಡಿಸುವುದು ಬ್ಯಾಟರಿಯ ಋಣದ ತುದಿಯನ್ನು. ಇದರಲ್ಲಿ ಧನದ ತುದಿಯನ್ನು. ಎಡಗಡೆಯ ಚಕ್ರಗಳ ಬೋಲ್ಟುಗಳೂ ವಕ್ರ: ಸಡಿಲಿಸಬೇಕಾದರೆ ಬಲಕ್ಕೆ ತಿರುಗಿಸಬೇಕು. ಕನಕಪುರದಲ್ಲಿ ಒಮ್ಮೆ ಪಂಕ್ಚರ್ ಅಂಗಡಿಯ ಹುಡುಗ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ತನ್ನ ಪೂರ್ತಿ ಬಲ ಬಿಟ್ಟು ಎರಡು ಬೋಲ್ಟು ಮುರಿದಿದ್ದ. ತಪ್ಪು ಅವನದಲ್ಲ, ಹೇಳದೆ ಹೋದವನು ನಾನು.

ನಮ್ಮಿಬ್ಬರ ಸಂಬಂಧವನ್ನು ಒರೆಗೆ ಹಚ್ಚಿದ್ದು ಮಾಗಡಿಯ ಏರು. ರಾಮನಗರಕ್ಕಿಂತ ಮಾಗಡಿ ಎತ್ತರದಲ್ಲಿದೆ. ಅಲ್ಲಿ ನನ್ನ ಅಕ್ಕನ ಮನೆ. ಬಂಡೆಗಳ ನಡುವಿನ ದಾರಿಯಲ್ಲಿ ಏರು ಸಿಕ್ಕಿದೊಡನೆ ಕಾರು ಕುದಿಯುತ್ತಿತ್ತು. ತಾಯಿಯನ್ನು ಮರದ ನೆರಳಿನಲ್ಲಿ ಕೂರಿಸಿ, ಮಕ್ಕಳ ಕೈಗೆ ಕೊಡ ಕೊಟ್ಟು ಹೊಲದ ಬಾವಿಗೆ ಕಳಿಸುವುದು ವಾಡಿಕೆಯಾಯಿತು. ಒಂದು ಗ್ಯಾರೇಜಿನವರು ರೇಡಿಯೇಟರು ಬದಲಿಸಿದರು, ಕುದಿತ ನಿಲ್ಲಲಿಲ್ಲ. ಮತ್ತೊಂದು ಕಡೆ ತಲೆ ಬಿಚ್ಚಿ ಪ್ಯಾಕಿಂಗು ಹಾಕಿದರು, ಅದೂ ವ್ಯರ್ಥ. ಅಷ್ಟರಲ್ಲಿ ನನ್ನ ಹೆಂಡತಿಯ ಎರಡು ಬಳೆ ಬ್ಯಾಂಕು ಸೇರಿದ್ದವು. ಅವಳು ಜಗಳವಾಡಲಿಲ್ಲ. "ಈ ಸಲ ಬಸ್ಸಿಗೆ ಹೋಗಿ ಬರೋಣ ಅಂದ್ರೆ" ಎಂದಷ್ಟೇ ಹೇಳಿದಳು. ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಗ ಎಲ್ಲರೂ ಕೊಟ್ಟ ಸಲಹೆ ಒಂದೇ: ಎಂಜಿನ್ನು ಕಿತ್ತು ಡೀಸೆಲ್ ಎಂಜಿನ್ನು ಕೂರಿಸಿ. ಹಾಗೆ ಮಾಡಿಸಿಕೊಂಡವರು ಹಲವರಿದ್ದರು. ಖರ್ಚಿನ ದೃಷ್ಟಿಯಿಂದ ಅದರಲ್ಲಿ ತಪ್ಪೂ ಇರಲಿಲ್ಲ. ನಾನೂ ಮುಂಗಡ ಕೊಡಲು ಹೊರಟವನೇ. ಹಿಂದಿನ ದಿನ ಚನ್ನಪಟ್ಟಣದ ಒಬ್ಬ ವೃದ್ಧ ಮೇಸ್ತ್ರಿಗಳಿಗೆ ಕಾರನ್ನು ತೋರಿಸಿದೆ. ಅವರು ಎಂಜಿನ್ನು ಓಡುತ್ತಿರುವಾಗ ಮುಂದಿನ ಸಿಲಿಂಡರಿನ ಬಳಿ ಕೈಯಿಟ್ಟರು, ಹಿಂದಿನದರ ಬಳಿ ಇಟ್ಟು ಥಟ್ಟನೆ ತೆಗೆದರು. "ಮೇಷ್ಟ್ರೆ, ಇದಕ್ಕೆ ಜ್ವರ ಅಲ್ಲ, ಹಿಂದುಗಡೆಗೆ ನೀರೇ ಹೋಗ್ತಿಲ್ಲ" ಎಂದರು.

ವಿಷಯ ಹೀಗೆ: ಈ ಎಂಜಿನ್ನಿನೊಳಗೆ ನೀರಿನ ಪಂಪಿನ ಹಿಂದಿನಿಂದ ಕೊನೆಯ ಸಿಲಿಂಡರಿನವರೆಗೆ ಚಪ್ಪಟೆಯಾದ ಒಂದು ತಗಡಿನ ಕೊಳವೆ ಹಾದುಹೋಗುತ್ತದೆ. ಅದರ ರಂಧ್ರಗಳಿಂದ ತಣ್ಣೀರು ಹೆಚ್ಚು ಕಾಯುವ ವಾಲ್ವುಗಳ ಬುಡಕ್ಕೆ ಚಿಮ್ಮಬೇಕು. ತುಕ್ಕು ಹಿಡಿದು ಕೊಳವೆ ಕರಗಿದರೆ ನೀರು ಮುಂದುಗಡೆಯೇ ಸುತ್ತಿ ಹಿಂದಿರುಗುತ್ತದೆ. ಹಿಂದಿನ ಸಿಲಿಂಡರುಗಳು ಬೇಯುತ್ತವೆ. ಹೊರಗಿನಿಂದ ಕಾಣದ ಭಾಗವಾದ್ದರಿಂದ ಯಾರೂ ಅದನ್ನು ನೆನೆಯುವುದಿಲ್ಲ. ಮೇಸ್ತ್ರಿಗಳು ರೇಡಿಯೇಟರನ್ನೂ ಪಂಪನ್ನೂ ಬಿಚ್ಚಿ, ಕೊಕ್ಕೆ ಹಾಕಿ ಎರಡು ದಿನ ಎಳೆದರು. ಬಂದದ್ದು ಕೊಳವೆಯಲ್ಲ, ಬೊಗಸೆಯಷ್ಟು ಕೆಂಪು ಪುಡಿ ಮತ್ತು ಹರಕು ತಗಡು. ಆ ಹರಕನ್ನೇ ಮಾದರಿಯಾಗಿಟ್ಟು ಪೇಟೆಯ ಪಾತ್ರೆ ಕೆಲಸದ ಆಚಾರ್ಯರೊಬ್ಬರು ಹಿತ್ತಾಳೆಯ ಹಾಳೆಯಲ್ಲಿ ಹೊಸ ಕೊಳವೆ ಮಡಿಸಿಕೊಟ್ಟರು. ಗೇರಿನ ಹಿಡಿಯ ಒಡೆದ ಗುಂಡಿಗೆ ಬದಲಾಗಿ, ಗೊಂಬೆ ಮಾಡುವವರೊಬ್ಬರು ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಕೆಂಪು ಗುಂಡೊಂದನ್ನು ಕೊಟ್ಟು, ಕಾಸು ಬೇಡವೆಂದರು. ಮುಂದಿನ ಭಾನುವಾರ ನಾವು ಒಂಬತ್ತು ಜನ ಮಾಗಡಿಗೆ ಹೋದೆವು. ಕೊಡ ಡಿಕ್ಕಿಯಲ್ಲೇ ಇತ್ತು; ತೆಗೆಯಬೇಕಾಗಲಿಲ್ಲ. ಬಳೆಗಳು ಮನೆಗೆ ಮರಳಲು ಮಾತ್ರ ಮೂರು ವರ್ಷ ಹಿಡಿಯಿತು.

ಹಳೆಯ ಕಾರನ್ನು ಹಣ ಓಡಿಸುವುದಿಲ್ಲ, ಕೈಗಳು ಓಡಿಸುತ್ತವೆ ಎಂಬ ತಿಳಿವು ನನಗೆ ಬಂದದ್ದು ಹೀಗೆ. ಆ ಮೇಸ್ತ್ರಿಗಳು ಈಗಿಲ್ಲ. ಅವರ ಮೊಮ್ಮಗ ಬೆಂಗಳೂರಿನ ದೊಡ್ಡ ಸರ್ವೀಸ್ ಕೇಂದ್ರವೊಂದರಲ್ಲಿ ಕಂಪ್ಯೂಟರು ನೋಡಿ ಕಾರಿನ ರೋಗ ಹೇಳುತ್ತಾನೆ. ಬಿಡುವಿದ್ದಾಗ ಬಂದು ಡಾಡ್ಜಿನ ಬಾನೆಟ್ಟು ತೆರೆಯುತ್ತಾನೆ. ಈಚೆಗೆ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುತ್ತಿರುವುದರಿಂದ ಹಳೆಯ ಕಾಲದ ರಬ್ಬರು ಊದಿಕೊಂಡು ಕೆಡುತ್ತದೆಂದು ತಿಳಿಸಿ, ಪೆಟ್ರೋಲ್ ಪಂಪಿನ ಪೊರೆಯನ್ನೂ ಕೊಳವೆಗಳನ್ನೂ ಬದಲಿಸಿದವನು ಅವನೇ. ಬ್ರೇಕಿನ ರಬ್ಬರುಗಳ ಮೇಲೂ ಅವನ ಕಣ್ಣಿದೆ. ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ಅಲ್ಲಿ ಕಾಸು ಉಳಿಸುವವನು ದಾರಿಯಲ್ಲಿ ಹೋಗುವವರ ಪ್ರಾಣದ ಮೇಲೆ ಉಳಿಸುತ್ತಾನೆ.

ಈಗ ನನ್ನ ಮುಂದೆ ಹೊಸದೊಂದು ಪ್ರಶ್ನೆ ಇದೆ. 2021ರ ನಿಯಮದಂತೆ, ಐವತ್ತು ವರ್ಷ ದಾಟಿದ, ಎಂಜಿನ್ನು, ಒಡಲುಗಳಲ್ಲಿ ಮಾರ್ಪಾಟಾಗದ ವಾಹನವನ್ನು ಪರಂಪರೆಯ ವಾಹನವೆಂದು ನೋಂದಾಯಿಸಬಹುದು. ಅಂದು ಡೀಸೆಲ್ ಎಂಜಿನ್ನು ಕೂರಿಸಿದ್ದರೆ ಆ ಗೌರವಕ್ಕೆ ನಾವು ಎರವಾಗುತ್ತಿದ್ದೆವು. ಆದರೆ ಹಾಗೆ ನೋಂದಾಯಿಸಿದ ಕಾರು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಹೋಗಬಹುದೇ ಹೊರತು ದಿನದ ಓಡಾಟಕ್ಕಲ್ಲ. ಎಂದರೆ ಅಕ್ಕನ ಮನೆಗೆ ಹೋಗುವಂತಿಲ್ಲ. ಅಕ್ಕನಿಗೆ ಈಗ ಎಂಬತ್ತೆರಡು. ಬೀದಿಯ ತಿರುವಿನಲ್ಲೇ ಈ ಕಾರಿನ ಸದ್ದನ್ನು ಗುರುತಿಸಿ ಒಲೆಯ ಮೇಲೆ ನೀರಿಡುತ್ತಾಳೆ.

ಆದ್ದರಿಂದ ಈ ಸಲವೂ ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೆ ನವೀಕರಿಸಿದ್ದೇನೆ. ಮುಂದಿನ ಸಲದ ನಿರ್ಧಾರ ಮೇಸ್ತ್ರಿಗಳ ಮೊಮ್ಮಗನದು. ಕಾರು ಅವನಿಗೆ ಸೇರಬೇಕೆಂದು ಮನೆಯವರೆಲ್ಲ ಒಪ್ಪಿದ್ದಾರೆ. ಕಳೆದ ತಿಂಗಳು ಅವನು ಹಿಂದಿನ ಎಡಚಕ್ರ ಬಿಚ್ಚಲು ಕುಳಿತಾಗ ಎಚ್ಚರಿಸಬೇಕೆಂದು ನಾನು ಬಾಯಿ ತೆರೆದೆ. ಅವನಾಗಲೇ ಪಾನಾ ಹಿಡಿದು ಬಲಕ್ಕೆ ತಿರುಗಿಸುತ್ತಿದ್ದ.